ಬಂದೂಕಿಗೆ ಯಾವ ಗ್ಯಾಸು?

ಮಣಿಕೊಂಡದಾಗ ನಾನು, ನನ್ನ ಹೆಂಡ್ತಿಯ ತಮ್ಮ ಇಬ್ರೂ ಸೇರಿ ಪೇಂಟ್‌ಬಾಲ್ ಮೈದಾನ ನಡಸ್ತೀವಿ. ಗ್ಯಾಸಿನ ಬಂದೂಕಿಂದ ಬಣ್ಣದ ಗುಂಡು ಹೊಡೆದಾಡೋ ಆಟ. ಇಂಥಾ ದಂಧೆ ಇದ್ದ ಮ್ಯಾಲ ಫಜೀತಿ ಹುಡುಕ್ಕೊಂಡು ಹೋಗೋದು ಬ್ಯಾಡ, ಅವs ವಿಳಾಸ ಕೇಳ್ಕೊಂಡು ಬರ್ತಾವ.

ಈ ಸಲ ಬಂದಿದ್ದು ಹುಡುಗನ, ಅಂದ್ರ ಆ ತಮ್ಮನ, ಮದುವಿ ನೆವದಾಗ. ಹೆಣ್ಣಿನ ಕಡೆಯವರು ಅವನ ಕೆಲಸ ಕಣ್ಣಾರೆ ನೋಡಬೇಕಂತ ರವಿವಾರ ಮೈದಾನಕ್ಕ ಬರೋರಿದ್ರು. ಬಂದೂಕು ಕೈ ಕೊಟ್ರ ಸಂಬಂಧಾನೂ ಹೋದಂಗ.

"ಮಾಮಾ, ಗ್ಯಾಸು ಚೊಲೋದು ನೋಡ್ರಿ" ಅಂದ ಹುಡುಗ.

೧. ಸೋಡಾ ಅಂಗಡಿ

ಮೊದಲು ಕಾರ್ಬನ್ ಡೈಆಕ್ಸೈಡ್, ಸೋಡಾಕ್ಕ ಹಾಕ್ತಾರಲ್ಲ ಅದs. ಕೋಠಿ ಕಡೆ ಒಬ್ಬ ಸೋಡಾ ಗ್ಯಾಸಿನವನ ಹಂತ್ಯಾಕ ಸಿಲಿಂಡರ್ ಒಯ್ದೆ.

"ಶಾದಿ ಹೈ ಕ್ಯಾ ಸಾಬ್?" ಅಂದ, ಮದುವಿಗೇನು ಅಂತ.

"ಆಗಬೇಕು. ಸದ್ಯಕ್ಕ ಬಂದೂಕಿಗೆ" ಅಂದೆ.

ಅಂವ ಬಾಗಿಲು ಅರ್ಧ ಎಳದು, "ಪೊಲೀಸರು ಕೇಳಿದ್ರ ಸೋಡಾಕ್ಕ ಅನ್ರಿ" ಅಂದ. ಆಟದ ಬಂದೂಕು, ಏನೂ ತಪ್ಪಿಲ್ಲ ಅಂತ ಬಿಡಿಸಿ ಹೇಳಿದೆ. ಪೂರಾ ಕೇಳಿ ಗೋಣು ಹಾಕಿದ.

"ಸಮಝ್ ಗಯಾ ಸಾಬ್. ಆದ್ರೂ ಸೋಡಾಕ್ಕ ಅನ್ರಿ."

೨. ಶಾಲು

ಥಂಡಿ ದಿನ. ಮುಂಜಾನೆ ಪರೀಕ್ಷಾ. ಹುಡುಗ ಮಾಸ್ಕ್ ಹಾಕ್ಕೊಂಡು ಎದುರು ನಿಂತ, ನಾನು ಬಿಡದಂಗ ಹೊಡದೆ. ಮೊದಮೊದಲಿನ ಗುಂಡು ಬರೋಬ್ಬರಿ ಹೋದ್ವು. ಆಮ್ಯಾಲ ಸಿಲಿಂಡರ್ ಬರ್ಫಿನಂಗ ತಣ್ಣಗಾಗಿ, ಜೋರು ಕಮ್ಮಿ ಆಗಿ, ಗುಂಡು ನನ್ನ ಕಾಲ ಮುಂದs ಟಪ್ಪಂತ ಬೀಳಾಕತ್ವು. ಹುಡುಗನ ಶಾಲು ಕಸಗೊಂಡು ಸಿಲಿಂಡರಿಗೆ ಸುತ್ತಿದೆ.

"ಮಾಮಾ, ನನಗ ಥಂಡಿ ಆಗಾಕತ್ತೈತ್ರಿ!"

"ತಡಕೋ. ನಿನ್ನಿಂದ ಗುಂಡೇನು ಹಾರಬೇಕಾಗಿಲ್ಲಲ್ಲಾ."

೩. ಬರೇ ಗಾಳಿ

ಕೊನಿಗೆ ಆ ಗ್ಯಾಸು ಬಿಟ್ಟು, ಗಾಳಿನs ಒತ್ತಿ ತುಂಬಿದ ಬ್ಯಾರೆ ಸಿಲಿಂಡರ್ ತಂದ್ವಿ. ಥಂಡಿ ಇರಲಿ, ಸೆಕಿ ಇರಲಿ, ಗುಂಡು ಗೆರಿ ಎಳದಂಗ ಹೋಗ್ತಾವ.

ರವಿವಾರ ಬೇಗಂಪೇಟೆಯಿಂದ ಹುಡುಗಿ, ಆಕಿ ಅಪ್ಪ ಬಂದ್ರು. ಅಪ್ಪ ರಿಟೈರ್ಡ್ ಸರ್ಕಾರಿ ಅಧಿಕಾರಿ.

"ಇದರಾಗ ಏನ್ ಗ್ಯಾಸ್ರೀ?"

"ಗ್ಯಾಸ್ ಅಲ್ರೀ ಸಾಹೇಬ್ರ, ಬರೇ ಗಾಳಿ."

"ಅಂದ್ರ ಗಾಳಿ ನಂಬ್ಕೊಂಡು ಮಗಳ್ನ ಕೊಡಬೇಕೇನ್ರಿ?"

ನಮ್ಮ ಹುಡುಗನ ಮಾರಿ ಇಳೀತು. ಅಷ್ಟರಾಗ ಹುಡುಗಿ ಬಂದೂಕು ಕೈಗೆ ತಗೊಂಡ್ಲು. ಅಂವ ಜಾಕೆಟ್ಟು, ಮಾಸ್ಕು ಹಾಕ್ಕೊಂಡು ಎದುರು ಹೋಗಿ, "ಹೊಡೀರಿ" ಅಂದ. ಹೊಡದ್ಲು. ಎಲ್ಲಾ ಗುಂಡು ಎದಿ ಮ್ಯಾಲ ಒಂದs ಜಾಗಾಕ್ಕ ಬಿದ್ವು.

"ಹೆಂಗೈತವಾ?" ಅಪ್ಪ ಕೇಳಿದ್ರು.

"ಗಾಳಿ ಭಾಳ ಚೊಲೋ ಐತಿ ಅಪ್ಪಾ. ಹುಡುಗನ್ನ ಇನ್ನೊಮ್ಮೆ ನೋಡ್ತೀನಿ" ಅಂತ ಮತ್ತ ಗುರಿ ಹಿಡದ್ಲು.

ನಮ್ಮಾಂವ ನಿಂತ ಜಾಗ ಬಿಟ್ಟು ಅಲುಗಾಡ್ಲಿಲ್ಲ. ಅದನ್ನ ನೋಡಿದ ಸಾಹೇಬ್ರು ನನ್ನ ಕಡೆ ವಾಲಿ, ಮೆಲ್ಲಗ ಅಂದ್ರು:

"ಸಂಸಾರಕ್ಕ ಆಗ್ತಾನ. ಯಾವ ತಿಂಗಳ ಇಟ್ಕೊಳ್ಳೋಣ್ರಿ?"