ಪಡ್ಡಿನ ಹಂಚಿನಲ್ಲಿ ವಾಟರ್ ಪಂಪು

ಮನುಷ್ಯ ಜೋಡಿಸಿದ್ದನ್ನು ಮನುಷ್ಯ ಬಿಚ್ಚಬಲ್ಲ, ಬಿಚ್ಚಿದ್ದನ್ನು ಮತ್ತೆ ಜೋಡಿಸಬಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಅದಕ್ಕೆ ಬೇಕಾದದ್ದು ಕ್ರಮ ಮತ್ತು ತಾಳ್ಮೆ. ಕೊಟ್ಟೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿ ಅರ್ಧ ಆಯುಷ್ಯ ಸವೆಸಿದ ನನ್ನಲ್ಲಿ ಇವೆರಡೂ ಅಗತ್ಯಕ್ಕಿಂತ ಹೆಚ್ಚಾಗಿಯೇ ಇದ್ದವು. ಕಣ್ಣು ಮುಚ್ಚಿಕೊಂಡು ಪುಸ್ತಕಗಳನ್ನು ಅವುಗಳ ಜಾಗಕ್ಕೆ ಸೇರಿಸುವವನಿಗೆ ಒಂದು ಕಾರಿನ ವಾಟರ್ ಪಂಪು ಯಾವ ಲೆಕ್ಕ! ಆದ್ದರಿಂದ ಶನಿವಾರ ಬೆಳಿಗ್ಗೆ ಉಪ್ಪಿಟ್ಟು ಮುಗಿಸಿ, ಕೈ ತೊಳೆದು, ನಮ್ಮ ಕಾರಿನ ಸೋರುವ ಪಂಪನ್ನು ಬದಲಿಸುವವನು ನಾನೇ ಎಂದು ಘೋಷಿಸಿದೆ.

ತಟ್ಟೆ ಎತ್ತುತ್ತಿದ್ದ ನನ್ನ ಹೆಂಡತಿ ಸುಮಲತಾ ಹಾಗೆಯೇ ನಿಂತಳು.

"ಮೆಕ್ಯಾನಿಕ್ಕು ಏನಂದ?"

"ಬುಧವಾರದ ತನಕ ಪುರಸೊತ್ತಿಲ್ಲಂತ."

"ನಾಳಿ ಹೊಳಲಿಗೆ ಹೋಗೋದೈತ್ರಿ. ನೆನಪೈತಿಲ್ಲೋ?"

ನೆನಪಿತ್ತು. ಹೊಳಲು ಅವಳ ತವರು. ತಮ್ಮ ಜಂಬುನಾಥನ ಮಗಳ ಮದುವೆಗೆ ಭಾನುವಾರ ಹೆಂಗಸರೆಲ್ಲ ಕೂಡಿ ಶಾವಿಗೆ ಮಾಡುವುದಿತ್ತು. ಅದಕ್ಕೆ ನನ್ನ ತಾಯಿಯ ಶಾವಿಗೆ ಮಷೀನು ಕೊಟ್ಟೂರಿನಿಂದಲೇ ಹೋಗಬೇಕೆಂದು ನಿಶ್ಚಯವಾಗಿತ್ತು. ಕಳೆದ ಸಲ ಹೊಳಲಿಗೆ ಹೋದಾಗ ನಮ್ಮ ಕಾರು ದಾರಿಯಲ್ಲಿ ನಿಂತು, ನಾವು ಒಂದು ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿ, ಈರುಳ್ಳಿ ಚೀಲಗಳ ಮೇಲೆ ಕುಳಿತು ಊರು ಪ್ರವೇಶಿಸಿದ್ದೆವು. ಜಂಬುನಾಥನ ಹೆಂಡತಿ ಪುಷ್ಪಲತಾ ಅದನ್ನು ಇನ್ನೂ ಮರೆತಿರಲಿಲ್ಲ. "ಅಕ್ಕಾರ, ಈ ಸಲ ಗಾಡ್ಯಾಗ ಬರ್ತೀರೋ, ಉಳ್ಳಾಗಡ್ಡಿ ಮ್ಯಾಲ ಬರ್ತೀರೋ?" ಎಂದು ಫೋನಿನಲ್ಲಿ ಕೇಳಿದ್ದಳು. "ನಮ್ಮ ಗಾಡ್ಯಾಗ ಬರ್ತೀವಿ" ಎಂದು ಸುಮಲತಾ ಮಾತು ಕೊಟ್ಟಿದ್ದಳು. ಆ ಮಾತಿನ ಭಾರವೆಲ್ಲ ಈಗ ಒಂದು ಸೋರುವ ಪಂಪಿನ ಮೇಲೆ ಬಿದ್ದಿತ್ತು.

ಹೊಸ ಪಂಪನ್ನು ತಂದಿಟ್ಟುಕೊಂಡು, ಯಾರೋ ಪುಣ್ಯಾತ್ಮನ ವಿಡಿಯೋವನ್ನು ಮತ್ತೆ ಮತ್ತೆ ನೋಡಿ, ಅಂಗಳದಲ್ಲಿ ಕಾರ್ಯಾರಂಭ ಮಾಡಿದೆ. ಎಂಜಿನ್ನನ್ನು ತಂಪಾಗಿಡುವ ಹಸಿರು ನೀರನ್ನು ಹಳೆಯ ಬಕೆಟ್ಟಿಗೆ ಇಳಿಸಿ ದೂರವಿಟ್ಟೆ. ಬೋಲ್ಟುಗಳಲ್ಲಿ ಕೆಲವು ಉದ್ದ, ಕೆಲವು ಗಿಡ್ಡ. ಯಾವುದು ಎಲ್ಲಿಯದೆಂದು ತಿಳಿಯದಿದ್ದರೆ ಅನರ್ಥವೆಂದು ವಿಡಿಯೋದವನು ಎಚ್ಚರಿಸಿದ್ದ. ಅಡುಗೆಮನೆಗೆ ಹೋಗಿ ಪಡ್ಡಿನ ಹಂಚನ್ನು ತಂದೆ. ಗುಳಿಗೊಂದು ಬೋಲ್ಟು! ಎಡಗಡೆಯದು ಎಡಕ್ಕೆ, ಬಲಗಡೆಯದು ಬಲಕ್ಕೆ. ನನ್ನ ಗ್ರಂಥಾಲಯದ ಯಾವ ಕಪಾಟೂ ಅಷ್ಟು ಚೆಲುವಾಗಿರಲಿಲ್ಲ.

"ನನ್ನ ಹಂಚ್ರೀ ಅದು" ಎಂದಳು ಸುಮಲತಾ.

"ತೊಳೆದು ಕೊಡ್ತೀನಿ."

"ಬ್ಯಾಡ ಬಿಡ್ರಿ. ಇನ್ಮ್ಯಾಲ ಎಣ್ಣಿ ಹಚ್ಚೋ ಖರ್ಚು ಉಳೀತು."

ತಾಯಿ ನಾಗಲಿಂಗಮ್ಮ ಹೊರಗೆ ಬಂದು ಹಂಚನ್ನು ದೀರ್ಘವಾಗಿ ಪರಿಶೀಲಿಸಿದರು. "ಸೋಮಾ, ನನ್ನ ಶಾವಿಗಿ ಮಷೀನಿನ ಹಿಡಿಕಿ ಅಳ್ಳಾಡ್ತೈತಿ. ಅದರ ಬೋಲ್ಟು ಸವದೈತಿ. ಒಂದೀಟು ನೋಡಪ್ಪ."

"ಆಮ್ಯಾಲ ನೋಡ್ತೀನವ್ವ."

ಹಳೆಯ ಪಂಪು ಹೊರಬಂದಾಗ ಅವರು ಮತ್ತೆ ಬಂದರು. ನಾನು ಮತ್ತೆ ಆಮೇಲೆ ಎಂದೆ. ಆಮೇಲೆ ನಾನು ಸ್ನಾನ ಮಾಡಿ, ಊಟ ಮಾಡಿ, ವಿಜಯದ ಸಣ್ಣ ನಿದ್ರೆಯೊಂದನ್ನು ಮುಗಿಸಿ ಬಂದು, ಹೊಸ ಪಂಪನ್ನು ಕೂರಿಸಿದೆ. ಅಂಚಿನ ಒಂದು ಬೋಲ್ಟು ಮಾತ್ರ ಬಿಗಿಯಾದಂತೆಯೂ ಆಗದಂತೆಯೂ ತೋರಿತು. ಬೆರಳು ಅನುಮಾನಪಟ್ಟಿತು. ಆದರೆ ಅದು ಇದ್ದದ್ದು ಅದರದೇ ಗುಳಿಯಲ್ಲಿ. ಬೆರಳಿಗಿಂತ ಗುಳಿಯ ಮಾತು ದೊಡ್ಡದೆಂದು ನಾನು ತೀರ್ಪು ಕೊಟ್ಟೆ. ಸಂಜೆ ಎಂಜಿನ್ನು ಹಸುಗೂಸಿನಂತೆ ಸದ್ದಿಲ್ಲದೆ ಉಸಿರಾಡಿತು. ಬೀದಿಯ ತುದಿಯವರೆಗೆ ಓಡಿಸಿ ತಂದು, ಹೆಂಡತಿಯ ಮುಖ ನೋಡಿದೆ. "ಹೊಳಲು ಮುಟ್ಟಲಿ" ಎಂದಳು.

ಭಾನುವಾರ ಮಷೀನನ್ನು ಡಿಕ್ಕಿಯಲ್ಲಿಟ್ಟು, ತಾಯಿಯನ್ನು ಹಿಂದೆ ಕೂರಿಸಿಕೊಂಡು ಹೊರಟೆವು. ಹಡಗಲಿಯಲ್ಲಿ ಮಲ್ಲಿಗೆ ಕೊಂಡೆವು. ಸುಮಲತಾ ಮುಡಿದುಕೊಂಡು, "ಪರವಾಗಿಲ್ಲ ಬಿಡ್ರಿ, ಗಾಡಿ ಚಲೋ ಓಡ್ತೈತಿ" ಎಂದಳು. ಆ ಮಾತು ಮುಗಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು.

ಇಳಿದೆ. ಸುಮಲತಾಳೂ ಇಳಿದಳು. ರಸ್ತೆಯಲ್ಲಿ ಟ್ರ್ಯಾಕ್ಟರು ಬರುತ್ತದೆಯೋ ಎಂದು ಹಿಂದೆ ತಿರುಗಿ ನೋಡಿದಳು. ಅದು ಬೈಗುಳಕ್ಕಿಂತ ಕಠಿಣವಾಗಿತ್ತು.

ಎಂಜಿನ್ನು ತಣ್ಣಗಾದ ಮೇಲೆ ಬಗ್ಗಿ ನೋಡಿದರೆ, ಪಂಪಿನ ಅಂಚಿನ ಬೋಲ್ಟು ಕಳಚಿ ಕೆಳಗಿನ ತಗಡಿನ ಮೇಲೆ ಬಿದ್ದಿತ್ತು. ಕೈಗೆ ತೆಗೆದುಕೊಂಡೆ. ಗಿಡ್ಡ ಬೋಲ್ಟು. ಸವೆದ ಬೋಲ್ಟು. ಅದರ ತಲೆಯ ಬುಡದಲ್ಲಿ ಬಿಳಿಯದೇನೋ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದೆ. ಒಣಗಿದ ಹಿಟ್ಟು.

ಕಾರಿನ ಎಂಜಿನ್ನಿನಲ್ಲಿ ಹಿಟ್ಟು ಇರಬಹುದೆಂದು ವಿಡಿಯೋದವನು ಎಲ್ಲಿಯೂ ಹೇಳಿರಲಿಲ್ಲ.

"ಅವ್ವಾ" ಎಂದೆ, ಸಾಧ್ಯವಾದಷ್ಟು ಮೆಲ್ಲಗೆ. "ಇದು ಯಾವುದು?"

"ನಂದು. ಶಾವಿಗಿ ಮಷೀನಿಂದು."

"ಇಲ್ಲಿಗೆ ಹ್ಯಾಂಗ ಬಂತು?"

"ನಿನ್ನ ಕೇಳಿದ್ನೆಪ್ಪ. ಆಮ್ಯಾಲ ಆಮ್ಯಾಲ ಅಂದಿ. ನೀನು ಮಲಗಿದಾಗ ನನಗ ಹೊಂದೋದೊಂದು ತಗೊಂಡ್ನಿ. ಸುಮ್ಮನ ತಗೊಂಡಿಲ್ಲ, ಅದೇ ಗುಳ್ಯಾಗ ನಂದು ಇಟ್ಟೀನಿ. ಖಾಲಿ ಬಿಟ್ರ ನಿನ್ನ ಲೆಕ್ಕ ತಪ್ಪೀತು ಅಂತ."

ಇಂಥ ಪ್ರಾಮಾಣಿಕತೆಯ ಎದುರು ಯಾರು ತಾನೇ ಕೋಪಿಸಿಕೊಳ್ಳಬಲ್ಲರು? ಡಿಕ್ಕಿ ತೆಗೆದೆ. ಶಾವಿಗೆ ಮಷೀನಿನ ಹಿಡಿಕೆಯಲ್ಲಿ ನಮ್ಮ ಕಾರಿನ ಬೋಲ್ಟು ಹೊಳೆಯುತ್ತಿತ್ತು. ಅದನ್ನು ಬಿಚ್ಚಿ ಪಂಪಿಗೆ ಹಾಕಿ, ಪಕ್ಕದ ದಾಳಿಂಬೆ ತೋಟದ ಬೋರಿನಿಂದ ನೀರು ತಂದು ತುಂಬಿ, ಮತ್ತೆ ಹೊರಟೆವು.

ಹೊಳಲಿನಲ್ಲಿ ಪುಷ್ಪಲತಾ ಮನೆಯ ಕಟ್ಟೆಯ ಮೇಲೆ ನಿಂತಿದ್ದಳು. ಕಾರನ್ನು ನೋಡಿದಳು. ಕಾರಿನ ಹಿಂದೆ ಯಾವುದಾದರೂ ಟ್ರ್ಯಾಕ್ಟರು ಇದೆಯೋ ಎಂದೂ ನೋಡಿದಳು.

"ಬರ್ರಿ ಅಕ್ಕಾರ. ಗಾಡೀನ ತಂದೀರಲ್ಲ."

"ಮತ್ತ? ಮನಿ ಗಾಡಿ ಇರೋದ್ಯಾಕವ್ವ?" ಎಂದು ಸುಮಲತಾ ಸೆರಗು ಸರಿಪಡಿಸಿಕೊಂಡು ಇಳಿದಳು. ನನ್ನ ಎದೆ ತುಂಬಿ ಬಂತು.

ಆದರೆ ಒಳಗೆ ಹಿಟ್ಟು ಕಲಸಿಟ್ಟಿದ್ದರು. ಹಳೆಯ ಬೋಲ್ಟನ್ನೇ ಮತ್ತೆ ಹಾಕಿಕೊಂಡ ಮಷೀನು ಒಂದೆರಡು ಸುತ್ತು ತಿರುಗಿತು, ಹಿಡಿಕೆ ಕಳಚಿಕೊಂಡು ಹಿಟ್ಟಿನ ಪರಾತಕ್ಕೆ ಬಿತ್ತು. "ಮದುವಿ ಶಾವಿಗಿ, ನಡುವ ನಿಲ್ಲಬಾರದು" ಎಂದರು ಯಾರೋ ಹಿರಿಯರು. ಊರಿನಲ್ಲಿ ಹುಡುಕಿಸಿದರೂ ಹೊಂದುವ ಬೋಲ್ಟು ಸಿಗಲಿಲ್ಲ. ತಾಯಿ ಹೊರಗೆ ಬಂದು ನನ್ನ ಪಕ್ಕ ಕುಳಿತರು.

"ಗಾಡಿ ನಿಂತೈತಲ್ಲಪ್ಪ. ನಿಂತ ಗಾಡಿಗೆ ಬೋಲ್ಟು ಯಾಕ?"

ಪಂಪಿನ ಬೋಲ್ಟನ್ನು ಮತ್ತೆ ಬಿಚ್ಚಲು ಪಾನಾ ಹಿಡಿದು ಎದ್ದೆ. ಬಾನೆಟ್ಟಿನೊಳಗೆ ತಲೆ ಹಾಕಿದ್ದಾಗ ಜಂಬುನಾಥ ಬಂದ.

"ಏನ್ಮಾಡಾಕ್ಹತ್ತೀರಿ ಮಾವ?"

"ಗಾಳಿ ಆಡ್ಲಿ ಅಂತ ತೆಗೆದೀನಿ."

ಸಂಜೆಯವರೆಗೆ ಶಾವಿಗೆ ಹೊನ್ನಿನ ಎಳೆಯಂತೆ ಇಳಿಯಿತು. ನಮ್ಮ ಕಾರಿನ ಕೆಳಗೂ ನೀರಿನ ಎಳೆಯೊಂದು ಇಳಿಯಿತು. ಹೊರಡುವ ಹೊತ್ತಿಗೆ ಪುಷ್ಪಲತಾ ಕೈ ಒರೆಸಿಕೊಳ್ಳುತ್ತಾ ಬಂದು, "ಅತ್ತೀ, ನಾಳೀಗೂ ಹಿಟ್ಟೈತಿ. ಮಷೀನು ಮದುವಿ ತನಕ ಇಲ್ಲೇ ಇರ್ಲಿ" ಎಂದಳು.

"ಇರ್ಲೇಳವ್ವ" ಎಂದುಬಿಟ್ಟರು ತಾಯಿ.

ನಾನು ಹೆಂಡತಿಯನ್ನು ನೋಡಿದೆ. ಅವಳು ಕಾರನ್ನು ನೋಡಿದಳು, ನಾದಿನಿಯನ್ನು ನೋಡಿದಳು. ಬೆಳಗ್ಗೆ ಗೆದ್ದ ಮರ್ಯಾದೆ ಕಣ್ಣೆದುರೇ ಹನಿಹನಿಯಾಗಿ ಸೋರುತ್ತಿತ್ತು. ಆಮೇಲೆ ಅತ್ಯಂತ ಶಾಂತವಾಗಿ ಹೇಳಿದಳು:

"ಮಷೀನಷ್ಟ ಯಾಕ, ಗಾಡೀನೂ ಇರ್ಲಿ. ಮದುವಿ ಮನಿ, ಸಾವಿರ ಕೆಲಸ ಇರ್ತಾವು. ನಾವು ಬಸ್ಸಿಗೆ ಹೋಗ್ತೀವಿ."

ಪುಷ್ಪಲತಾ ಒರೆಸಿದ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡಳು. ಜಂಬುನಾಥ ಅಕ್ಕನ ಔದಾರ್ಯಕ್ಕೆ ಕಣ್ಣೊರೆಸಿಕೊಂಡು, ನನ್ನ ಕೈಯಲ್ಲಿದ್ದ ಕಾರಿನ ಕೀಲಿಗೆ ಕೈ ಚಾಚಿದ. ಸುಮಲತಾ ಕೀಲಿಯನ್ನು ಪರ್ಸಿಗೆ ಹಾಕಿಕೊಂಡಳು. "ಪಂಪು ಹೊಸಾದು, ಪೂಜಿ ಆಗಿಲ್ಲ. ಅಮಾಸಿಗೆ ಬಂದು ಪೂಜಿ ಮಾಡಿ ಕೀಲಿ ಕೊಡ್ತೀನಿ. ಅಲ್ಲಿತನಕ ಯಾರೂ ಮುಟ್ಟಬ್ಯಾಡ್ರಿ."

ಬಸ್ಸಿನಲ್ಲಿ ಪಾನಾಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮುಂದಿನ ಸೀಟಿನಲ್ಲಿ ತಾಯಿ, ದಿನದ ಕೆಲಸ ಸಾರ್ಥಕವಾಯಿತೆಂಬಂತೆ ತೂಕಡಿಸುತ್ತಿದ್ದರು. ಹಡಗಲಿ ಇನ್ನೂ ದೂರವಿರುವಾಗ ಬಸ್ಸು ನಿಂತಿತು. ಡ್ರೈವರು ಇಳಿದು ಮುಂದಿನ ಮುಚ್ಚಳ ಎತ್ತಿದ. ಬಿಳಿಯ ಹಬೆ ಎದ್ದಿತು. ನನಗೆ ಗೊತ್ತಿಲ್ಲದಂತೆಯೇ ನನ್ನ ಕೈ ಪೆಟ್ಟಿಗೆಯ ಚಿಲಕದ ಮೇಲೆ ಹೋಯಿತು. ನಾನು ಅರ್ಧ ಎದ್ದಿದ್ದೆ.

ಸುಮಲತಾ ಕಿಟಕಿಯಿಂದ ಮುಖ ತಿರುಗಿಸದೆಯೇ ನನ್ನ ಅಂಗಿಯ ಅಂಚನ್ನು ಹಿಡಿದಳು.

"ಕುಂದರ್ರಿ" ಎಂದಳು. "ಇದರ ಬೋಲ್ಟು ಹಿಡಿಸೋವಷ್ಟು ದೊಡ್ಡ ಹಂಚು ನಮ್ಮ ಮನ್ಯಾಗಿಲ್ಲ."