ಗವಿರಂಗಪ್ಪನ ಸ್ತಂಭವಿಜಯ

ಎಲೈ ರಸಿಕಶಿಖಾಮಣಿಗಳಿರಾ, ಹರಟೆ ನಿಲ್ಲಿಸಿ ಇತ್ತ ಕಿವಿಗೊಡಿ! ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದ ಭರತವರ್ಷದ ತಿಪಟೂರಿನಲ್ಲಿ, ಕೊಬ್ಬರಿ ಮಂಡಿಯ ಹಿಂದಿನ ಗೋದಾಮಿನೊಳಗೆ ಪ್ರತಿ ಸಂಜೆ ಆರಕ್ಕೆ ಭೂಮಿ ಕಂಪಿಸುತ್ತಿದ್ದ ಕಾಲವದು. ಕಂಪನಕ್ಕೆ ಕಾರಣ ಝಣಝಣ ಹವ್ಯಾಸಿ ನಾಟಕ ಬಳಗದವರ ತಾಲೀಮು. ಹನ್ನೊಂದು ಹಾಡು, ಒಂಬತ್ತು ಕುಣಿತಗಳ ‘ಕುಣಿಯುವ ಕೋಟೆ’ಯನ್ನು ಆಡಿಯೇ ತೀರುವೆವೆಂದು ಅವರು ಘೋರಪ್ರತಿಜ್ಞೆ ಕೈಗೊಂಡಿದ್ದರು. ಬೇಡವೆಂದು ಯಾರೂ ಹೇಳಿರಲಿಲ್ಲ.

ಆ ಬಳಗದಲ್ಲಿ ಬಸ್‌ಗಮನಾಗಮನನಿಯಾಮಕನೂ ಸೀಟಿನಾದಪ್ರಕಂಪಿತಚಾಲಕಹೃದಯನೂ ವಾಮಮಣಿಬಂಧವಿರಾಜಿತಗಡಿಯಾರಭೂಷಣನೂ ಆದ ಗವಿರಂಗಪ್ಪನೆಂಬ ವೀರನಿದ್ದ. ಎಂದರೆ, ಬಸ್ ನಿಲ್ದಾಣದ ಟೈಮ್‌ಕೀಪರ್. ಹದಿನೆಂಟು ವರ್ಷ ಬಳಗದ ಒಂದು ನಾಟಕವನ್ನೂ ತಪ್ಪಿಸಿದವನಲ್ಲ. ಆದರೆ ಮರವಾಗಿ, ಆನೆಯ ಹಿಂಗಾಲಾಗಿ, ಪರದೆಯ ಹಿಂದಿನ ಅಶರೀರವಾಣಿಯಾಗಿ. ಪಾಪ, ಅವನ ಮುಖವನ್ನು ರಂಗದ ಮೇಲೆ ಕಂಡವರೇ ಇಲ್ಲ. ಈ ಸಲ ಭಟರ ಕುಣಿತದ ಮುಂದಿನ ಸಾಲು ಸಿಕ್ಕಿತ್ತು. ಎಂದೂ ನಾಟಕಕ್ಕೆ ಬಾರದ ಹೆಂಡತಿ ಚಂದ್ರಕ್ಕ, “ಈ ಸಲನಾದ್ರೂ ನಿಮ್ಮ ಮುಖ ಕಾಣುತ್ತಾ? ಕಾಣೋದಾದ್ರೆ ಬರ್ತೀನಿ” ಎಂದಿದ್ದಳು. ಕಂಡೇ ಕಾಣುತ್ತದೆಂದು ಅವನು ಮಾತು ಕೊಟ್ಟಿದ್ದ.

ಆದರೆ ಅಯ್ಯೋ ವಿಧಿಯೇ! ಗೋದಾಮಿನ ನಟ್ಟನಡುವೆ ಒಂದು ಕಂಬವಿತ್ತು. ನಿರ್ದೇಶಕ ಶಿವನಂಜಪ್ಪ ಮುಂದಿನ ಸಾಲಿನವರು ನಿಲ್ಲಲು ನೆಲದ ಮೇಲೆ ಸುಣ್ಣದಿಂದ ಏಳು ಗುರುತು ಹಾಕಿ, ನಾಲ್ಕನೆಯದನ್ನು ಗವಿರಂಗಪ್ಪನಿಗೆ ಕೊಟ್ಟ. ಅದು ಕಂಬದ ಹಿಂದೆ. ಏಳನೆಯದು ಕುಣಿಯುವವರ ಬಲತುದಿಯಲ್ಲಿ, ಕಿಟಕಿಯ ಬೆಳಕು ಧಾರಾಳವಾಗಿ ಬೀಳುವಲ್ಲಿ. ಅದು ಹೈಸ್ಕೂಲಿನ ಗಣಿತದ ಮೇಡಂ ವಿಮಲಾಕ್ಷಿಯವರದು.

ಆಗ ಶುರುವಾಯಿತು ನೋಡಿ, ಹತ್ತೊಂಬತ್ತು ಸಂಜೆಗಳ ಮಹಾಸಮರ! ಮೇಡಂ ಬರುವ ಮೊದಲೇ ಬಂದು ಗವಿರಂಗಪ್ಪ ಏಳನೆಯ ಗುರುತನ್ನು ಆಕ್ರಮಿಸುವನು. ಮರುದಿನ ಮೇಡಂ ಅಲ್ಲಿ ತಮ್ಮ ಕೊಡೆಯನ್ನು ಮಲಗಿಸಿ ಗಡಿ ಕಾಯುವರು. ಇಬ್ಬರೂ ಒಂದೇ ಗುರುತಿನ ಮೇಲೆ ಕುಣಿದ ದಿನಗಳೂ ಉಂಟು. ಇಪ್ಪತ್ತನೆಯ ಸಂಜೆ ವೀರನು ತೊಡೆತಟ್ಟಿ ಗರ್ಜಿಸಿದ:

“ಎಲೈ ಬೀಜಗಣಿತಪಾರಂಗತೆ, ಆಲಿಸು! ಹದಿನೆಂಟು ಸಂವತ್ಸರ ಮರವಾಗಿ ನಿಂತೆ, ಎಲೆ ಅಲುಗಿಸಲಿಲ್ಲ. ಆನೆಯ ಹಿಂಗಾಲಾಗಿ ಬಾಗಿದೆ, ಬೆನ್ನುಮೂಳೆಯೇ ಸಾಕ್ಷಿ. ಇನ್ನು ಕಂಬದ ಮರೆಯಲ್ಲಿ ಬಾಳೆನು! ಇಲ್ಲಿಂದ ನನ್ನ ಪಾದವನ್ನು ಕದಲಿಸಬಲ್ಲವರು ಮೂರು ಲೋಕದಲ್ಲಿದ್ದರೆ ಬರಲಿ!”

“ಸ್ವಲ್ಪ ಕದಲಿಸಿ ರಂಗಪ್ಪನವರೇ,” ಎಂದರು ಮೇಡಂ. “ನೀವು ನಿಂತಿರೋದು ನನ್ನ ಕಾಲ್ ಮೇಲೆ.”

ಕಾಲು ಬಿಡಿಸಿಕೊಂಡ ಅವರು ಒಂದರಿಂದ ಏಳರವರೆಗೆ ಗುರುತುಗಳನ್ನು ಬೆರಳು ಮಡಚಿ ಎಣಿಸಿದರು. ಕಂಬವನ್ನೊಮ್ಮೆ ನೋಡಿದರು.

“ಆಯ್ತು, ತಗೊಳ್ಳಿ. ಏಳು ನಿಮ್ದು, ನಾಲ್ಕು ನಂದು. ಆಮೇಲೆ ವಾಪಸ್ ಕೇಳಿದ್ರೆ ಮಾತ್ರ ಕೊಡಲ್ಲ.”

“ಕೇಳೋನಲ್ಲ ಈ ಗವಿರಂಗಪ್ಪ!”

ವಿಜಯಿಯು ಆ ಸಂಜೆ ಎಲ್ಲರಿಗೂ ಮಂಡಕ್ಕಿ ತರಿಸಿದ.

ನಾಟಕದ ದಿನ ಬಂತು. ಚಂದ್ರಕ್ಕ ಮೂರನೆಯ ಸಾಲಿನಲ್ಲಿ ಕನ್ನಡಕ ಒರೆಸಿಕೊಂಡು ಕೂತಳು. ಭಟರು ಹೆಜ್ಜೆಯೆಣಿಸಿ ತಮ್ಮ ತಮ್ಮ ಜಾಗದಲ್ಲಿ ನಿಂತರು. ಪರದೆ ಸರಿಯಿತು. ರಂಗದ ನಡುವೆ ಯಾರೂ ಕಂಬ ನಿಲ್ಲಿಸುವುದಿಲ್ಲವೆಂಬ ಪರಮಸತ್ಯ ಗವಿರಂಗಪ್ಪನಿಗೆ ಹೊಳೆದದ್ದು ಆಗಲೇ. ಮೂರು ತಿಂಗಳ ರೂಢಿಯಂತೆ ಎಲ್ಲರೂ ಇಲ್ಲದ ಕಂಬವನ್ನು ಸುತ್ತಿ ಸುತ್ತಿ ಕುಣಿದರು. ನಟ್ಟನಡುವೆ, ಅಷ್ಟೂ ದೀಪಗಳ ಬೆಳಕಿನಲ್ಲಿ, ವಿಮಲಾಕ್ಷಿ ಮೇಡಂ ಧಗಧಗಿಸಿದರು. ರಂಗವೋ ಗೋದಾಮಿಗಿಂತ ಒಂದು ಮಾರು ಕಿರಿದು. ಏಳನೆಯ ಗುರುತು ಬಿದ್ದದ್ದು ಪಕ್ಕದ ಪರದೆಯ ಒಳಗೆ. ಆದರೂ ಅವನು ಒಂದು ಹೆಜ್ಜೆ ತಪ್ಪಲಿಲ್ಲ, ಕತ್ತಲಲ್ಲೇ ಪೂರ್ತಿ ಕುಣಿದ.

ಆಟ ಮುಗಿದ ಮೇಲೆ ಹೊರಗೆ ಚಂದ್ರಕ್ಕ ಕಾಯುತ್ತಿದ್ದಳು. ಅವನು ತಲೆ ಎತ್ತಲಿಲ್ಲ.

“ಕಾಣ್ಲಿಲ್ಲ ಅಲ್ವೇನೇ?”

“ಯಾಕ್ರೀ, ಕಾಣ್ತಲ್ಲ. ಎಡಗೈ.”

“ನಂದೇ ಅಂತ ಹೆಂಗೆ ಗೊತ್ತಾಯ್ತು?”

“ರಾಜರ ಕಾಲದ ಭಟ ವಾಚ್ ಕಟ್ಕೊಂಡಿರ್ತಾನೇನ್ರೀ? ಪಕ್ಕದೋರಿಗೆಲ್ಲ ತೋರಿಸ್ದೆ, ನಮ್ಮೆಜಮಾನ್ರು ಅಂತ. ಚೆನ್ನಾಗೇ ಕುಣೀತು ಬಿಡಿ.”

ಹೀಗೆ ಹದಿನೆಂಟು ಸಂವತ್ಸರಗಳ ಉಗ್ರತಪಸ್ಸು ಫಲಿಸಿ, ಸ್ತಂಭವಿಜಯಿ ಗವಿರಂಗಪ್ಪನು ತಿಪಟೂರಿನ ರಂಗವನ್ನು ಪ್ರವೇಶಿಸಿದನು, ಮೊಣಕೈವರೆಗೆ.