ನಾನು ಗಣಿತದ ಸರ ಆದ ವೃತ್ತಾಂತ

ಮಗಳಿಗೊಂದು ವಿದ್ಯಾರ್ಥಿವೇತನ, ಅವಳ ಗಣಿತಕ್ಕೊಂದು ಟ್ಯೂಶನ್. ಎರಡನ್ನೂ ಆನ್‌ಲೈನಿನಲ್ಲಿ ಹೋಲಿಸಿ ನೋಡಿ, ಭಾನುವಾರ ಮಧ್ಯಾಹ್ನದ ಊಟದೊಳಗೆ ಮುಗಿಸುವುದಾಗಿ ನಾನು ಮನೆಯಲ್ಲಿ ಅಧಿಕೃತವಾಗಿ ಘೋಷಿಸಿದೆ. ಘೋಷಣೆಗೆ ಆಧಾರವೂ ಇತ್ತು. ವಿಜಯಪುರದ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತು ಊರವರ ತಪ್ಪು ತಿದ್ದುವುದೇ ನನ್ನ ಉದ್ಯೋಗ. ಎರಡೂ ಕಡೆಯವರನ್ನು ಕೇಳದೆ ಒಂದು ಸಾಲನ್ನೂ ಅಚ್ಚಿಗೆ ಬಿಡುವವನಲ್ಲ. ಅಂಥವನಿಗೆ ವೆಬ್‌ಸೈಟುಗಳು ಯಾವ ಲೆಕ್ಕ?

ಮಗಳು ಸಹನಾ ಈಗ ಪಿಯುಸಿ ಮೊದಲ ವರ್ಷ. ವಿದ್ಯಾರ್ಥಿವೇತನ ಸಿಕ್ಕರೆ ಎರಡು ವರ್ಷದ ಕಾಲೇಜಿನ ಚಿಂತೆ ತೀರುತ್ತಿತ್ತು.

“ಅಪ್ಪಾ, ಒಂದು ಟ್ರಸ್ಟಿಂದು ಐತಿ ಅಂತ ಕಾಲೇಜಿನ್ಯಾಗ ಹೇಳ್ಯಾರ. ಶನಿವಾರ ಸಂಜಿ ಐದಕ್ಕ ಬಂದ್ ಆಗತೈತಿ. ಸೀದಾ ಅದಕ್ಕ ಹಾಕಿಬಿಡೂಣು,” ಎಂದಳು.

“ಒಂದ ಕಡೆ ಕೇಳಿ ನಂಬಬಾರದವಾ,” ಎಂದೆ. ಆ ಟ್ರಸ್ಟಿನ ಅರ್ಜಿಯಲ್ಲಿ ನನ್ನ ಫೋನ್ ನಂಬರ್ ತುಂಬಿ, ಅರ್ಧಕ್ಕೆ ನಿಲ್ಲಿಸಿ, ಉಳಿದ ವೆಬ್‌ಸೈಟುಗಳ ಪರಿಶೀಲನೆಗೆ ಇಳಿದೆ.

ವಿದ್ಯಾರ್ಥಿವೇತನ ಹುಡುಕಿಕೊಡುವವರು, ಟ್ಯೂಶನ್ ಹೇಳುವವರು, ಟ್ಯೂಶನ್ ಹೇಳುವವರನ್ನು ಹುಡುಕಿಕೊಡುವವರು! ಎಲ್ಲರಿಗೂ ಬೇಕಾದದ್ದು ಒಂದೇ, ನನ್ನ ನಂಬರ್. ಉದಾರವಾಗಿ ಕೊಟ್ಟೆ. ಭಾನುವಾರ ಮುಗಿದು ಬುಧವಾರ ಬಂತು. ಗೋಡೆಯ ಮೇಲೆ ನಾನು ಅಂಟಿಸಿದ್ದ ಹೋಲಿಕೆಯ ಪಟ್ಟಿ ದೇವರ ಕೋಣೆಯ ಬಾಗಿಲಿನವರೆಗೂ ಬೆಳೆದಿತ್ತು.

ಅದನ್ನು ನೋಡಿ ಹೆಂಡತಿ ಮಹಾದೇವಿ, “ಏನ್ರೀ, ನನ್ನ ನೋಡಾಕ ಬಂದಾಗೂ ಇಷ್ಟ ಚೌಕಶಿ ಮಾಡಿದ್ದಿಲ್ಲಲ್ರಿ ನೀವು!” ಎಂದಳು.

ಪಾಠ ಕಲಿತದ್ದೇ ಅಲ್ಲಿ ಎಂದು ನಾನು ಹೇಳಲಿಲ್ಲ. ಜೀವದ ಮೇಲೆ ಆಸೆ ಇತ್ತು.

ಪೋಷಕರ ಕಡೆಯಿಂದ ನೋಡಿದ್ದಾಯಿತು. ಶಿಕ್ಷಕರ ಕಡೆಯಿಂದ? ಯಾರ್ಯಾರನ್ನೋ ಶಿಕ್ಷಕರೆಂದು ಸೇರಿಸಿಕೊಳ್ಳುತ್ತಾರೋ, ಪರೀಕ್ಷಿಸಿ ತೆಗೆದುಕೊಳ್ಳುತ್ತಾರೋ? ವೃತ್ತಿಧರ್ಮ ಸುಮ್ಮನಿರಲು ಬಿಡಲಿಲ್ಲ. ಒಂದು ವೆಬ್‌ಸೈಟಿನಲ್ಲಿ ಗಣಿತ ಶಿಕ್ಷಕನೆಂದು ನಾನೇ ಹೆಸರು ನೋಂದಾಯಿಸಿದೆ. ಫೋಟೋ ಹಾಕಿದೆ. ಅಥಣಿ ರಸ್ತೆಯ ಮನೆಯ ವಿಳಾಸವನ್ನೂ ಕೊಟ್ಟೆ, ಸುದ್ದಿಯಲ್ಲಿ ಖಚಿತತೆ ಇರಬೇಕಲ್ಲ! ನಾನು ಗಣಿತದಲ್ಲಿ ಪಾಸಾದದ್ದು ಇಂದಿಗೂ ದೃಢಪಡದ ಸುದ್ದಿ. ಆದರೆ ಚಹಾ ಆರುವುದರೊಳಗೆ ನನ್ನ ಹೆಸರಿನ ಮುಂದೆ ಹಸಿರು ಗುರುತು ಬಿತ್ತು: ಪರಿಶೀಲಿತ ಶಿಕ್ಷಕ!

ಆಮೇಲೆ ಫೋನುಗಳು ಶುರುವಾದವು. “ಸರ್, ನಿಮ್ಮ ಮಗುವಿನ ಭವಿಷ್ಯದ ಬಗ್ಗೆ ಎರಡು ನಿಮಿಷ...” ಎಂದು ಒಬ್ಬರು. “ಸರ, ನಮ್ಮ ಹುಡುಗಗ ಬೀಜಗಣಿತ ತಲಿಗೆ ಹತ್ತವಲ್ದರಿ,” ಎಂದು ಇನ್ನೊಬ್ಬರು. ಸ್ನಾನಕ್ಕೆ ಹೋದರೆ ಫೋನು, ಸಂಪಾದಕರ ಸಭೆಯಲ್ಲಿ ಫೋನು. ಶನಿವಾರ ಬೆಳಿಗ್ಗೆ ದಿಟ್ಟ ನಿರ್ಧಾರ ಕೈಗೊಂಡೆ. ಫೋನ್ ಬಂದ್ ಮಾಡಿದೆ!

ಮಾಡಿ, ಮಧ್ಯಾಹ್ನ ಮನೆಯಲ್ಲಿ ಹೇಳಿ ತಿಕೋಟಾದ ಬಸ್ ಹತ್ತಿದೆ. ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಟ್ಯೂಶನ್ ಮಾಸ್ತರರು ಅಲ್ಲಿದ್ದರು. ಕಣ್ಣಾರೆ ನೋಡದೆ ಒಪ್ಪುವುದು ಹೇಗೆ? ನೋಡಲು ಹೋದರೆ ಮನೆಗೆ ಕೀಲಿ. ಬಸ್ ಸ್ಟ್ಯಾಂಡಿನ ಹೋಟೆಲಿಗೆ ಮರಳಿ, ಚಹಾ ಹೇಳಿ, ನಮ್ಮದೇ ಪತ್ರಿಕೆಯಲ್ಲಿ ತಪ್ಪು ಹುಡುಕುತ್ತ ಕೂತೆ.

“ನೀವ ಅಲ್ರೀ, ಗಣಿತದ ಸರ?”

ತಲೆ ಎತ್ತಿದರೆ, ಬೈಕಿನಿಂದ ಇಳಿದು ಬಂದ ಅಪರಿಚಿತ. ಮೈತುಂಬ ದೂಳು. ಇಲ್ಲಿಗೂ ಬಂದರೇ!

“ಅಲ್ಲ,” ಎಂದು ಪತ್ರಿಕೆ ಮುಖಕ್ಕೆ ಹಿಡಿದೆ.

ಆತ ಪತ್ರಿಕೆಯನ್ನು ಮೆಲ್ಲಗೆ ಕೆಳಗಿಳಿಸಿ, ತನ್ನ ಫೋನಿನಲ್ಲಿದ್ದ ಫೋಟೋವನ್ನು ನನ್ನ ಕೆನ್ನೆಯ ಪಕ್ಕ ಹಿಡಿದ. “ಮೀಸಿ ಅದ, ಚಷ್ಮಾ ಅದ. ನೀವ ಅದೀರಿ! ನಾ ಮೈಬೂಬರಿ, ಬಬಲೇಶ್ವರದಾಗ ಟೇಲರ್ ಅದೇನಿ. ಟ್ಯೂಶನ್ ಹಚ್ಚೂಣಂತ ಮಗಳನ್ನ ಕರ್ಕೊಂಡು ನಿಮ್ಮ ಮನಿಗೆ ಹ್ವಾದ್ರ, ಅಕ್ಕಾರು ‘ಮೊದಲ ಅವರನ್ನ ಹಿಡೀರಿ’ ಅಂತ ಇಲ್ಲಿಗೆ ಓಡಿಸ್ಯಾರ. ಲಗೂನ ಫೋನ್ ಚಾಲೂ ಮಾಡ್ರಿ ಸರ! ಅದೇನೋ ಒಟಿಪಿ ನಿಮ್ಮ ನಂಬರಿಗೆ ಬರ್ತೈತಂತ. ನಿಮ್ಮ ಮಗಳು ಅಳಾಕತ್ತಾಳ.”

ಗಡಿಯಾರ ಐದಕ್ಕೆ ಸಮೀಪಿಸಿತ್ತು. ಉಳಿದರ್ಧ ಅರ್ಜಿಯನ್ನು ಮಗಳೇ ತುಂಬಿ ಕೂತಿದ್ದಳು. ಕೊನೆಯ ಬಾಗಿಲಿನ ಕೀಲಿಕೈ ನನ್ನ ಕಿಸೆಯಲ್ಲಿ ಬಂದ್ ಆಗಿ ಮಲಗಿತ್ತು!

ಫೋನ್ ಚಾಲೂ ಮಾಡಿ ಮನೆಗೆ ಹಚ್ಚಿದೆ. ಸಂದೇಶಗಳು ಒಂದರ ಮೇಲೊಂದು ಬಿದ್ದವು. ಕಣ್ಣಿಗೆ ಕಂಡ ಮೊದಲ ಒಟಿಪಿಯನ್ನು ಗಟ್ಟಿಯಾಗಿ ಓದಿದೆ.

“ತಪ್ಪಂತ ಅಪ್ಪಾ!”

ನೋಡಿದರೆ ಅದು ಯಾವುದೋ ಉಚಿತ ಡೆಮೊ ತರಗತಿಯದು. ಇನ್ನೊಂದು ಓದಿದೆ. ಅದು ಹಳೆಯದಾಗಿತ್ತು.

ಫೋನಿನಲ್ಲಿ ಮಗಳ ಹಿಂದಿನಿಂದ ಮಹಾದೇವಿಯ ದನಿ ಬಂತು: “ದಿನಾ ಮಂದೀ ತಪ್ಪ ತಿದ್ದತಾರ, ಅಂಕಿ ಓದಾಕ ಬರವಲ್ದು ಇವರಿಗೆ!”

“ಮತ್ತೊಮ್ಮಿ ಕಳಸೇನಿ ಅಪ್ಪಾ. ಹೊಸಾದು ನೋಡು, ಹೊಸಾದು!”

ಮೈಬೂಬ ಫೋನನ್ನು ನನ್ನ ಕೈಯಿಂದಲೇ ತೆಗೆದುಕೊಂಡ. ಬಟ್ಟೆಯ ಅಳತೆ ಕೂಗುವವನಂತೆ ಒಂದೊಂದೇ ಅಂಕಿಯನ್ನು ಬಿಡಿಸಿ ಓದಿದ. ಹೋಟೆಲಿನ ಒಂದು ಚಮಚವೂ ಸದ್ದು ಮಾಡಲಿಲ್ಲ.

“ಹೋತಪ್ಪಾ! ಅರ್ಜಿ ಹೋಗಿ ಮುಟ್ಟಿತು!” ಎಂದು ಫೋನಿನಲ್ಲಿ ಸಹನಾ ಕೂಗಿದಳು.

ಚಹಾದ ರೊಕ್ಕವನ್ನು ಮೈಬೂಬನೇ ಕೊಟ್ಟ. ಅವನ ಬೈಕಿನ ಹಿಂದೆ ಕೂತು, ದಾರಿಯುದ್ದಕ್ಕೂ ಸ್ಪಷ್ಟೀಕರಣ ನೀಡಿದೆ. ಗಾಳಿಗೆ ಅವನಿಗೊಂದೂ ಕೇಳಿಸಲಿಲ್ಲ.

ಮನೆಯಲ್ಲಿ ಸಹನಾ ಮತ್ತು ಮೈಬೂಬನ ಮಗಳು ರಿಜ್ವಾನಾ ನೆಲದ ಮೇಲೆ ಕೂತು ಎಸ್ಸೆಸ್ಸೆಲ್ಸಿಯ ಲೆಕ್ಕ ಬಿಡಿಸುತ್ತಿದ್ದರು. ಬರೆಯಲು ಹಾಳೆ ಸಾಲದೆ ಗೋಡೆಯಿಂದ ನನ್ನ ಪಟ್ಟಿಯನ್ನು ಕಿತ್ತು ತಿರುವಿ ಹಾಕಿದ್ದರು. ಪಟ್ಟಿ ಮೊದಲ ಸಲ ಉಪಯೋಗಕ್ಕೆ ಬಂದಿತ್ತು.

“ಇಕಿಗೆ ಹೇಳಕೋತ ನನಗೂ ತಿಳೀತು ನೋಡಪ್ಪಾ. ನನಗ ಟ್ಯೂಶನ್ ಬ್ಯಾಡ,” ಎಂದಳು ಸಹನಾ.

ವಿದ್ಯಾರ್ಥಿವೇತನ ಬಂತು. ರಿಜ್ವಾನಾ ಈಗ ಪ್ರತಿ ಭಾನುವಾರ ಬರುತ್ತಾಳೆ. ಹುಡುಗಿಯರು ಲೆಕ್ಕ ಮಾಡುತ್ತಾರೆ, ನಾನು ಚಹಾ ಮಾಡುತ್ತೇನೆ. ವೆಬ್‌ಸೈಟಿನಿಂದ ನನ್ನ ಹೆಸರು ತೆಗೆಸಲು ಹೋದಾಗ, ಅಲ್ಲಿ ಮೈಬೂಬ ನನಗೆ ಪೂರ್ತಿ ನಕ್ಷತ್ರ ಕೊಟ್ಟು ಅಭಿಪ್ರಾಯ ಬರೆದಿದ್ದ:

“ಸರ ಭಾಳ ಛಲೋ ಅದಾರ. ಕಲಸೂದು ಅವರ ಮಗಳು.”

ಎರಡೂ ಕಡೆಯ ಸುದ್ದಿ ಅದರಲ್ಲಿತ್ತು. ತಿದ್ದಲು ನನಗೆ ಒಂದು ಅಕ್ಷರವೂ ಸಿಗಲಿಲ್ಲ!